ತೆರೆದಿಟ್ಟ ಕಿಟಕಿ

ಕೈನಾತ ಈ ಕೆಲಸ ಹಿಡಿದದ್ದೇ ಹೆಚ್ಚು ಮಾತಾಡಬೇಕಾಗಿಲ್ಲ ಎಂದು. ನಿಡಸೋಸಿಯ ಕಾಲೇಜಿನಲ್ಲಿ ಜೊತೆಗೆ ಓದಿದವರು ಸಂದರ್ಶನಗಳಲ್ಲಿ ಪಟಪಟನೆ ಮಾತಾಡಿ ಎಲ್ಲೆಲ್ಲೋ ಸೇರಿಕೊಂಡರೆ, ಗೋಕಾಕದ ಈ ಹುಡುಗಿ ಕೆಟ್ಟ ನೆಲವನ್ನು ಪರೀಕ್ಷಿಸುವ ಸಣ್ಣ ಕಂಪನಿಯೊಂದನ್ನು ಸೇರಿದಳು. ಹಳೆಯ ಕಾರ್ಖಾನೆ, ಪೆಟ್ರೋಲ್ ಬಂಕು ಇದ್ದ ಜಾಗದಲ್ಲಿ ಎಣ್ಣೆ ಇಂಗಿರುತ್ತದೆ. ಮೇಲೆ ಮನೆ ಕಟ್ಟಿದರೆ ಅದರ ಆವಿ ನೆಲದ ಬಿರುಕುಗಳಿಂದ ಒಳಗೇರುತ್ತದೆ. ಅಲ್ಲಿ ಮಲಗುವವರ ಆರೋಗ್ಯಕ್ಕೆ ಎಷ್ಟು ಅಪಾಯ ಎಂದು ಹೇಳುವುದು ಅವಳ ಕೆಲಸ. ಮಣ್ಣೂ ಗಾಳಿಯೂ ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ!

"ಮಷಿನ್ ಅರ್ಧಾ ಕೆಲಸ ಮಾಡ್ತೈತಿ, ಉಳಿದ ಅರ್ಧಾ ಬಾಯೀಲೇ ಆಗಬೇಕವಾ," ಎಂದು ಅವಳ ಮೇಲಧಿಕಾರಿ ಶ್ರೀಶೈಲ ಸರ್ ಎಚ್ಚರಿಸಿದ್ದರು. ಅವಳು ಸುಮ್ಮನೆ ತಲೆಯಾಡಿಸಿದ್ದಳು.

ಮೂಡಲಗಿಯಲ್ಲಿ ಹಳೆಯ ಬಂಕಿನ ಜಾಗದ ಮನೆಗಳನ್ನು ಪರೀಕ್ಷಿಸಬೇಕಾಗಿ ಬಂದಾಗ, ಅದರಲ್ಲೊಂದು ಗೆಳತಿ ದೀಪಾಳ ತವರಾಗಿತ್ತು. ದೀಪಾಳನ್ನು ಹುಕ್ಕೇರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. "ಹಿಂದಿನ ಕೋಣ್ಯಾಗ ಆಕಿ ಬಾಣಂತನ ಮಾಡೋದೈತಿ. ಛಲೋತ್ನ್ಯಾಗ ನೋಡಿ ಹೇಳವಾ," ಎಂದಿದ್ದಳು ತಾಯಿ ಮಾಯವ್ವ.

ಈ ಪರೀಕ್ಷೆಗೆ ಒಂದೇ ದೊಡ್ಡ ನಿಯಮ: ಹಿಂದಿನ ದಿನದಿಂದಲೇ ಕಿಟಕಿ ಬಾಗಿಲು ಮುಚ್ಚಿರಬೇಕು. ಆವಿ ಒಳಗೆ ನಿಂತರೆ ತಾನೇ ಗಾಳಿ ಹೀರಿಕೊಳ್ಳುವ ಡಬ್ಬಿಗೆ ಸಿಗುವುದು? ಕೈನಾತ ಫೋನಿನಲ್ಲಿ ಹೇಳಿಯೂ ಇದ್ದಳು. ಆದರೆ ಹೋಗಿ ನೋಡಿದರೆ ಇಡೀ ಮನೆ ಬೀಸುಗಾಳಿಗೆ ತೆರೆದು ನಿಂತಿತ್ತು. ನೆಲ ಸಾರಿಸಿ, ಬಾಗಿಲಿಗೆ ರಂಗೋಲಿ ಹಾಕಿದ್ದರು.

"ಮಾವಶಿ, ಕಿಡಕಿ..." ಎಂದಳು ಮೆಲ್ಲಗೆ.

"ಮಗಳ ಗೆಳತಿ ಬರೂ ಹೊತ್ತಿಗೆ ಮನಿ ಮುಚ್ಚಿಟ್ರ ಸೂತಕದ ಮನಿ ಅಂದಾರು! ಕುಂದ್ರ ಮೊದಲ," ಎಂದು ಮಾಯವ್ವ ಅವಳ ಕೈಗೊಂದು ಶೇಂಗಾದುಂಡಿ ಇಟ್ಟಳು.

ದೀಪಾಳ ಅಪ್ಪ ಲಗಮಪ್ಪ ಉಕ್ಕಿನ ಡಬ್ಬಿಯನ್ನು ಸುತ್ತು ಹಾಕಿ ನೋಡಿದ. "ಏನವಾ, ನಮ್ಮನಿ ಗಾಳಿ ತುಂಬಿಕೊಂಡು ಮಾರಾಕ ಒಯ್ಯತಿಯೇನ? ಕುರಿ ಹಿಂಡಿನ್ಯಾಗ ಮಲಗಿದಾಂವ ನಾ. ಇನ್ನ ಈ ವಾಸನಿ ನನಗೇನ ಮಾಡೀತು?"

ಎಲ್ಲರೂ ನಕ್ಕರು. ಮುಚ್ಚಿಡಿ, ನಾಳೆ ಬರುತ್ತೇನೆ ಎಂಬ ಮಾತು ಉಂಡಿಯ ಜೊತೆಗೇ ಗಂಟಲಿಗಿಳಿಯಿತು. ಅವಳು ಕಿಟಕಿ ಮುಚ್ಚಿ, ಆಗಲೇ ಡಬ್ಬಿ ಇಟ್ಟು ಬಂದಳು. ಬೆನ್ನ ಹಿಂದೆ ಮಾಯವ್ವ ಮತ್ತೆ ತೆರೆದಾಳೆಂದು ಮನಸ್ಸಿಗೆ ಹೊಳೆದಿತ್ತು. ಹೇಳಲು ನಾಚಿಕೆಯಾಯಿತು.

ವರದಿ ಬಂತು: ಅಪಾಯವಿಲ್ಲ. ಸಹಿ ಅವಳದೇ.

ದೀಪಾ ಹೆತ್ತ ಸುದ್ದಿ ಕೇಳಿ, ತನ್ನ ತಾಯಿ ಬಿಬಿಜಾನ ಕೂಸಿನ ತಲೆಗೆಂದು ಹೊಲಿದುಕೊಟ್ಟ ಕುಂಚಿಗೆ ತೆಗೆದುಕೊಂಡು ಕೈನಾತ ಕೂಸು ನೋಡಲು ಹೋದಳು. ಹಿಂದಿನ ಕೋಣೆಯ ಕಿಟಕಿಗೆ ಹಳೆಯ ಕೌದಿ ತುರುಕಿದ್ದರು, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು. ಬಾಣಂತಿಗೆ ಗಾಳಿ ಸೋಕಬಾರದು. ಮಂಚದ ಕೆಳಗೆ ಕೆಂಡ. ಬಿಸಿಯಾದ ಕೋಣೆ ನೆಲದೊಳಗಿನ ಆವಿಯನ್ನು ಮೇಲಕ್ಕೆ ಎಳೆಯುತ್ತದೆಂದು ಅವಳು ಓದಿದ್ದಳು. ಕಂಬಳಿ ಸರಿಸುತ್ತಲೇ ಮೂಗಿಗೆ ಬಡಿದದ್ದು ಕೆಂಡದ ವಾಸನೆಯಲ್ಲ, ಪೆಟ್ರೋಲಿನದು.

"ತಲಿ ಸಿಡೀತೈತ್ಲೇ ಕೈನಾತ," ಎಂದಳು ದೀಪಾ. "ಅವ್ವ ಹೊಗಿಗೆ ಅಂತಾಳ. ಕೂಸೂ ಹಗಲೆಲ್ಲಾ ಮಂಕಾಗಿ ಮಲಗಿರ್ತೈತಿ."

ಬಾಣಂತಿ ಕೋಣೆ ಹೇಗಿರುತ್ತದೆಂದು ಗೋಕಾಕದಲ್ಲಿ ಬೆಳೆದವಳಿಗೆ ಯಾರಾದರೂ ಕಲಿಸಬೇಕಿತ್ತೇ?

"ಮಾವಶಿ, ಈ ಕೋಣ್ಯಾಗ ಇಡಬ್ಯಾಡ್ರಿ. ಈಗಿಂದೀಗ ಹೊರಗ ಕರಕೊಂಡ ಬರ್ರಿ." ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

"ಏನೂ ಇಲ್ಲಂದಾಕಿ ನೀನ ಅಲ್ಲೇನ?"

"ಅವತ್ತ ಕಿಡಕಿ ತೆರೆದಿದ್ವು. ಮುಚ್ಚಿರಬೇಕಾಗಿತ್ತು. ಹಿಂಗಾದ್ರ ಪರೀಕ್ಷಾ ನಡಿಯಂಗಿಲ್ಲಂತ ನಾ ಹೇಳಲಿಲ್ಲ."

ಮಾಯವ್ವ ಅವಳನ್ನೇ ನೋಡಿದಳು. "ಯಾಕ? ಬಾಯಾಗ ಶೇಂಗಾದುಂಡಿ ಇತ್ತೇನ?"

ಇತ್ತು.

ತಾಯಿ ಮಗು ಇಬ್ಬರನ್ನೂ ಅಂದೇ ಘಟಪ್ರಭಾದ ದವಾಖಾನೆಗೆ ಒಯ್ದರು. ಡಾಕ್ಟರು ಕೂಸನ್ನು ಆಗಾಗ ತಂದು ತೋರಿಸಲು ಹೇಳಿದರೇ ಹೊರತು ಏನೂ ಇಲ್ಲವೆಂದು ಹೇಳಲಿಲ್ಲ. ಅಲ್ಲಿಂದಲೇ ದೀಪಾ ಹುಕ್ಕೇರಿಗೆ ಹೋದಳು.

ಮರುಪರೀಕ್ಷೆಗೆ ಶ್ರೀಶೈಲ ಸರ್ ಬೇರೆಯವರನ್ನು ಕಳಿಸುವವರಿದ್ದರು. ಕೈನಾತ ತಾನೇ ಹೋಗುತ್ತೇನೆಂದಳು. ಈ ಸಲ ಮನೆ ನಿಯಮದಂತೆ ಮುಚ್ಚಿತ್ತು. ಒಂದು ಕಿಂಡಿಯೂ ತೆರೆದಿರಲಿಲ್ಲ. ಕೂಡ್ರು ಎಂದು ಯಾರೂ ಅನ್ನಲಿಲ್ಲ. ಹಿಂದಿನ ಕೋಣೆಯ ಗೂಟಕ್ಕೆ ಕುಂಚಿಗೆ ತೂಗುತ್ತಿತ್ತು.

"ತೊಳದ್ರೂ ವಾಸನಿ ಹೋಗಲಿಲ್ಲಂತ ಹುಕ್ಕೇರಿಯಿಂದ ತಿರುಗಿ ಕಳಿಸ್ಯಾಳ," ಎಂದಳು ಮಾಯವ್ವ, ಬೇರೆ ಕಡೆ ನೋಡುತ್ತ. "ಹಸಿ ಬಾಣಂತಿನ ಗಾಡ್ಯಾಗ ಹಾಕಿ ಕಳಿಸಿದ ತವರು ನಮ್ಮದು."

ಕೈನಾತ ಡಬ್ಬಿ ಇಟ್ಟು ಅದರ ತಿರುಪು ತೆರೆದಳು. ವರದಿಯಲ್ಲಿ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಹೊರಡುವಾಗ ಲಗಮಪ್ಪ ಏನಾದರೂ ಚಾಷ್ಟಿ ಮಾಡಿ ನಗಿಸಿಯಾನೆಂದು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು.

"ಬಾಗಿಲಾ ಜಗ್ಗಿ ಹಾಕ್ಕೊಂಡು ಹೋಗವಾ," ಎಂದ ಅವನು. "ಗಾಳಿ ಬರತೈತಿ."

ಅವಳು ಜಗ್ಗಿ ಹಾಕಿದಳು.