ಗುಡುಗಣ್ಣನ ಹೊಸ ಟೈರು

ಟೈರ್ ಅಂಗಡಿಯ ಮುಂದೆ ಟೋಯಿಂಗ್ ಲಾರಿ ನಿಂತಿತ್ತು. ಕೆಟ್ಟು ನಿಂತ ಬಸ್ಸು, ಟ್ಯಾಂಕರುಗಳನ್ನು ಎಳೆದು ತರುವ ಆ ಭಾರಿ ಗಾಡಿಯ ಟೈರುಗಳು ಸವೆದು ನುಣ್ಣಗಾಗಿದ್ದವು. ಚಾಲಕನನ್ನು ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. ಅವನ ದನಿಯೂ ಹಾಗೆ, ಗಾಡಿಯ ಸದ್ದೂ ಹಾಗೆ. ಕೊಕ್ಕೆ ಹಾಕಿ ಸರಪಳಿ ಬಿಗಿಯುವ ಕೆಲಸ ಅವನ ಹೆಂಡತಿಯದು.

"ಹಳೇ ಥರದ್ದೇ ಹಾಕಪ್ಪ, ದಪ್ಪ ಹಲ್ಲಿಂದು," ಎಂದ ಗುಡುಗಣ್ಣ. "ನಾನು ಬರ್ತಿದ್ದೀನಿ ಅಂತ ಮೈಲಿ ದೂರಕ್ಕೇ ಗೊತ್ತಾಗ್ಬೇಕು."

"ಸದ್ದು ಜಾಸ್ತಿ ಅಂದ್ರೆ ಹಿಡಿತ ಜಾಸ್ತಿ ಅಂತಲ್ಲಣ್ಣ." ಅಂಗಡಿಯವನು ಇನ್ನೊಂದು ಟೈರನ್ನು ಉರುಳಿಸಿಕೊಂಡು ಬಂದ. "ಇದು ಮಳೆಗೂ ಸೈ, ಬಿಸಿಲಿಗೂ ಸೈ. ಸಮನಾಗಿ ಸವೆಯುತ್ತೆ, ಬಾಳಿಕೆ ಬರುತ್ತೆ. ಒಳಗೆ ಕೂತೋರಿಗೆ ಗುಂಯ್ ಅನ್ನೋ ಕಾಟ ಇಲ್ಲ."

"ಲಾರಿಗೆ ಯಾಕಪ್ಪ ಮೆತ್ತನೆ ಚಪ್ಪಲಿ?" ಗುಡುಗಣ್ಣ ನಕ್ಕ.

ಹೆಂಡತಿ ನಗಲಿಲ್ಲ. "ನಿನ್ನೆ ನಾನು ಎಷ್ಟು ಸಲ ಕೂಗಿದೆ, ಹೇಳಿ?"

ಅವನ ಮುಖ ಇಳಿಯಿತು. ಹಿಂದಿನ ದಿನ ಅವಳು ಸರಪಳಿ ಬಿಗಿಯುತ್ತಿದ್ದಾಗ ಅವನು ಗಾಡಿಯನ್ನು ಹಿಂದಕ್ಕೆ ತಂದಿದ್ದ. ಅವಳ ಕೂಗು ಅವನಿಗೆ ಕೇಳಿಸಿರಲೇ ಇಲ್ಲ. ಪಕ್ಕಕ್ಕೆ ಹಾರಿದ್ದರಿಂದ ಅವಳ ಜೀವ ಉಳಿದಿತ್ತು.

"ಟೈರಿನ ಸದ್ದು ಕಣೇ."

"ಮೆಲ್ಲಗೆ ಹಿಂದೆ ಬರೋ ಗಾಡೀಲಿ ಎಲ್ಲೀದು ಟೈರಿನ ಸದ್ದು? ವರ್ಷಗಟ್ಟಲೆ ಆ ಮೊರೆತದಲ್ಲಿ ಕೂತು ನಿಮ್ಮ ಕಿವಿ ಮಂದ ಆಗಿದೆ ರೀ. ಮಗಳು ಏನು ಹೇಳಿದ್ರೂ ಸುಮ್ನೆ ತಲೆ ಆಡಿಸ್ತೀರಿ."

"ಮೆಲ್ಲಗೆ ಮಾತಾಡು. ಕಿವುಡ ಅಂತ ಗೊತ್ತಾದ್ರೆ ಯಾರು ಕೆಲಸ ಕೊಡ್ತಾರೆ? ಎಲ್ಲರೂ ಆಡಿಕೊಳ್ತಾರೆ."

"ಆಡಿಕೊಳ್ಳಲಿ. ಗಾಡಿ ನನ್ನ ಮೇಲೆ ಹತ್ತಿದ್ರೆ ಮಗಳಿಗೆ ಏನಂತ ಹೇಳ್ತಿದ್ರಿ?"

ಗುಡುಗಣ್ಣ ಹೊಸ ಟೈರಿನ ಮೇಲೆ ಕೈಯಾಡಿಸಿದ. "ಇದನ್ನೇ ಹಾಕು," ಎಂದ.

"ಹಾಕ್ತೀನಿ. ಆದ್ರೆ ಟೈರು ಬದಲಾದ್ರೆ ಹೋದ ಕಿವಿ ಬರಲ್ಲಣ್ಣ, ಡಾಕ್ಟರಿಗೆ ತೋರ್ಸಿ," ಎಂದ ಅಂಗಡಿಯವನು.

"ಇಬ್ಬರೂ ಒಂದಾದ್ರಾ? ಆಯ್ತು, ತೋರಿಸ್ತೀನಿ."

ಡಾಕ್ಟರು ಪರೀಕ್ಷೆ ಮಾಡಿ ಎರಡೂ ಕಿವಿಗೆ ಶ್ರವಣಯಂತ್ರ ಹಾಕಿಸಿದರು. ಹೊಸ ಟೈರಿನ ಗಾಡಿ ಓಡಿಸುವಾಗ ಗುಡುಗಣ್ಣನಿಗೆ ಪಕ್ಕದಲ್ಲಿ ಯಾರೋ ಗುನುಗಿದಂತಾಯಿತು.

"ಇದೇನು, ಯಾವಾಗಿಂದ ಹಾಡ್ತೀಯ?"

"ಮದುವೆ ಆದಾಗಿಂದ," ಎಂದಳು ಹೆಂಡತಿ.

ಆದರೂ ಅವನಿಗೆ ಸಂಕೋಚ ಹೋಗಲಿಲ್ಲ. ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡೇ ತಿರುಗುತ್ತಿದ್ದ.

ಮಳೆಗಾಲದಲ್ಲಿ ಒಂದು ಬಸ್ಸು ಏರುದಾರಿಯಲ್ಲಿ ಜಾರಿ ಅಂಚಿಗೆ ವಾಲಿ ನಿಂತಿತು. ಪ್ರಯಾಣಿಕರು ಕೊಡೆ ಹಿಡಿದು ಕಾದಿದ್ದರು. ಮೊದಲು ಬಂದ ಟೋಯಿಂಗ್ ಗಾಡಿಯ ಚಕ್ರಗಳು ನಿಂತಲ್ಲೇ ತಿರುಗಿ, ಅದರ ಚಾಲಕ ಕೈಚೆಲ್ಲಿದ್ದ. ಗುಡುಗಣ್ಣ ಬಂದ. ಹೆಂಡತಿ ಸರಪಳಿ ಬಿಗಿದಳು. ಟೈರುಗಳು ಒದ್ದೆ ರಸ್ತೆಯನ್ನು ಕಚ್ಚಿ ಹಿಡಿದವು. ಬಸ್ಸು ಅಲುಗಿತು, ಮೇಲೇರತೊಡಗಿತು.

"ನಿಲ್ಸಿ!"

ಅರೆಕ್ಷಣದಲ್ಲಿ ಬ್ರೇಕು ಬಿತ್ತು. ಒಂದು ಕೊಕ್ಕೆ ಕಳಚುವುದರಲ್ಲಿತ್ತು. ಬಸ್ಸಿನ ಚಕ್ರಕ್ಕೆ ಕಲ್ಲು ಕೊಟ್ಟು ಅವಳು ಕೊಕ್ಕೆಯನ್ನು ಮತ್ತೆ ಬಿಗಿದಳು. ಇನ್ನೊಂದು ಎಳೆತಕ್ಕೆ ಬಸ್ಸು ರಸ್ತೆಗೆ ಬಂತು. ಜನ ಕೊಡೆಗಳನ್ನು ಎತ್ತಿ ಹೋ ಎಂದು ಕೂಗಿದರು.

ಮೊದಲು ಬಂದಿದ್ದ ಚಾಲಕ ಬೆರಗಾಗಿದ್ದ. "ಈ ಮಳೇಲಿ ಅತ್ತಿಗೆ ಕೂಗಿದ್ದು ನಿನಗೆ ಹೆಂಗಣ್ಣ ಕೇಳಿಸ್ತು? ನಾನು ಪಕ್ಕದಲ್ಲೇ ಇದ್ದೆ, ನನಗೇ ಕೇಳಿಸ್ಲಿಲ್ಲ."

ಗುಡುಗಣ್ಣ ಸುತ್ತ ನೆರೆದ ಜನರನ್ನು ಒಮ್ಮೆ ನೋಡಿದ. ನಂತರ ಟೋಪಿ ತೆಗೆದು, ಎಲ್ಲರಿಗೂ ಕಾಣುವಂತೆ ತಲೆ ತಿರುಗಿಸಿದ.

"ಕಿವಿ ಮಿಷನ್ ಕಣೋ. ನನ್ನ ಕಿವಿ ಮಂದ. ನಿಂದೂ ಒಂದ್ಸಲ ತೋರ್ಸೋಣ, ನಾಳೆ ನನ್ನ ಜೊತೆ ಬಾ."

ಯಾರೂ ನಗಲಿಲ್ಲ. ಆ ಚಾಲಕ ನೆಲ ನೋಡಿದ, ಕತ್ತು ಕೆರೆದುಕೊಂಡ. ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ, "ಎಷ್ಟು ಹೊತ್ತಿಗೆ ಬರ್ಲಿ?" ಎಂದು ಕೇಳಿದ.