ಮರ್ಡಾಕನ ತಳಿ

ಹದಿನಾಲ್ಕು ಗಾಂಜಾ ಬೀಜಗಳಲ್ಲಿ ಮೊಳೆತದ್ದು ಮೂರು. ಒಂದನ್ನು ಬಸವನಹುಳು ಬುಡದವರೆಗೆ ತಿಂದು ಹಾಕಿತು. ಉಳಿದೆರಡು ಎಫಿಯ ಹಿತ್ತಿಲಲ್ಲಿ ಎದೆಮಟ್ಟ ಬೆಳೆದು, ಜುಲೈ ಕೊನೆಯ ವಾರ ಗೆಣ್ಣುಗಳಲ್ಲಿ ಪುಟ್ಟ ಗೋಲಿಗಳಂಥ ಮೊಗ್ಗು ಬಿಟ್ಟವು. ಕನ್ನಡಕ ಹಾಕಿಕೊಂಡು ನೋಡಿದಳು. ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ನೋಡಿದಳು. ಎರಡೂ ಗಂಡು. ಹೆಣ್ಣು ಗಿಡವಿಲ್ಲದೆ ಬೀಜ ಕಟ್ಟುವುದಿಲ್ಲ.

ಕೇಪ್ ಬ್ರೆಟನ್ ದ್ವೀಪದ ಉತ್ತರ ತುದಿಯ ಆ ಊರಿಗೆ ಸೆಪ್ಟೆಂಬರ್ ಮುಗಿಯುವ ಮೊದಲೇ ಕಡಲ ಮಂಜು ಬಂದು ಕೂರುತ್ತದೆ. ಬಯಲಲ್ಲಿ ಬೆಳೆದ ಗಾಂಜಾ ಬಲಿಯುವುದರೊಳಗೆ ಹೂವಿನ ಒಳಗೇ ಬೂಷ್ಟು ಹಿಡಿಯುತ್ತದೆ. ಅವಳ ಗಂಡ ಮರ್ಡಾಕ್ ಹದಿನೈದು ವರ್ಷ ಕಾಡಿನ ನಡುವಿನ ತುಂಡು ನೆಲದಲ್ಲಿ, ಎಲ್ಲಕ್ಕಿಂತ ಮೊದಲು ಬಲಿತ ಗಿಡದ ಬೀಜವನ್ನಷ್ಟೇ ಉಳಿಸುತ್ತ, ಮಂಜಿಗೆ ಮುಂಚೆ ಕೊಯ್ಲಿಗೆ ಬರುವ ತಳಿಯೊಂದನ್ನು ಮಾಡಿದ್ದ. ಆಗ ಅದು ಅಪರಾಧ. ತೊಂಬತ್ತೊಂದರಲ್ಲಿ ಯಾರೋ ಪೊಲೀಸರ ಕಿವಿಗೆ ಹಾಕಿದರು. ಎಂಟು ತಿಂಗಳು ಜೈಲಾಯಿತು, ಶಾಲೆಯ ಬಸ್ಸು ಓಡಿಸುವ ಕೆಲಸ ಹೋಯಿತು. ಹೊರಗೆ ಬಂದವನು ಆಮೇಲೆ ಒಂದು ಟೊಮೇಟೊ ಸಸಿಯನ್ನೂ ನೆಡಲಿಲ್ಲ.

ಅವನು ತೀರಿಕೊಂಡ ಮೇಲೆ ಫ್ರೀಜರ್ ತೊಳೆಯುವಾಗ ಮೀನಿನ ಪೊಟ್ಟಣಗಳ ಅಡಿಯಲ್ಲಿ ಔಷಧಿಯ ಶೀಶೆ ಸಿಕ್ಕಿತು. ಒಳಗೆ ಆ ಹದಿನಾಲ್ಕು ಬೀಜ. ಎಫಿ ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಲೆಕ್ಕ ಹಾಕಿದಳು. ಈಗಿನ ಕಾನೂನಿನಲ್ಲಿ ಮನೆಗೆ ನಾಲ್ಕೇ ಗಿಡ. ಯಾವುದಕ್ಕೆ ಯಾವುದನ್ನು ಕೂಡಿಸುವುದು, ಮರುವರ್ಷ ಯಾವುದನ್ನು ಉಳಿಸುವುದು, ಎಲ್ಲ ಬರೆದಿದ್ದಳು. ಎಲ್ಲವೂ ಗಂಡಾದರೆ ಏನು ಗತಿ ಎಂದು ಮಾತ್ರ ಬರೆದಿರಲಿಲ್ಲ.

ಹಳ್ಳದಾಚೆ ಮರ್ಡಾಕನ ತಮ್ಮ ಲಾಕಿಯ ಮನೆ. ಏಡಿ ಹಿಡಿಯುವ ದೋಣಿ ಮಾರಿ ಈಗ ಸುಮ್ಮನೆ ಕುಳಿತವನು. ಕೊಟ್ಟಿಗೆಯ ಹಿಂದೆ ಅವನೂ ಗಾಂಜಾ ಬೆಳೆಯುತ್ತಾನೆ, ಊರಿಗೆಲ್ಲ ಮೊದಲು ಕೊಯ್ಯುತ್ತಾನೆ, ಆದರೆ ಯಾರಿಗೂ ತೋರಿಸುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಎಫಿ ನಡೆದುಕೊಂಡೇ ಹೋದಳು.

"ಲಾಕಿ, ನಿನ್ನ ಹತ್ರ ಹೆಣ್ಣು ಗಿಡ ಇದೆಯಂತಲ್ಲ?"

"ಯಾಕೆ, ಎಪ್ಪತ್ತೆರಡಕ್ಕೆ ಹೊಗೆ ಎಳೆಯೋ ಚಪಲ ಹತ್ತಿತೇನು?"

"ಇದ್ದ ಒಬ್ಬ ಗಂಡ ಹೋದ, ಬೇಡದ ಎರಡು ಗಂಡು ಹಿತ್ತಿಲಲ್ಲಿ ಬಂದು ನಿಂತಿವೆ. ಮರ್ಡಾಕನ ಬೀಜ. ಪರಾಗ ಸವರೋಕೆ ನಿನ್ನ ಗಿಡದಲ್ಲಿ ಒಂದೇ ಒಂದು ಟೊಂಗೆ ಬಿಟ್ಟುಕೊಡು, ಸಾಕು."

ಲಾಕಿ ನಗಲಿಲ್ಲ. "ನಂದು ಚೆನ್ನಾಗಿಲ್ಲ, ಎಫಿ. ಬೇರೆ ಕಡೆ ನೋಡು."

ಅವಳು ಆಗಲೇ ಕೊಟ್ಟಿಗೆ ಬಳಸಿ ನಡೆದಿದ್ದಳು. ಗಿಡ ಕಾಣುವ ಮೊದಲೇ ವಾಸನೆ ಬಂತು. ಡಾಂಬರು, ಕಿತ್ತಳೆ ಸಿಪ್ಪೆ. ಕಾಂಡದ ಮೇಲೆ ನೇರಳೆ ಗೀರು. ಹದಿನೈದು ವರ್ಷ ಅಟ್ಟದಲ್ಲಿ ತಾನೇ ಕಟ್ಟಿ ಒಣಗಿಸಿದ ಗಿಡ. ಅವಳು ಅಲ್ಲಿದ್ದ ಮಗುಚಿದ ಬಕೆಟ್ಟಿನ ಮೇಲೆ ಕುಳಿತಳು.

"ಪೊಲೀಸ್ರು ಒಂದೂ ಬಿಡದೆ ಕಿತ್ತು ಸುಟ್ಟಿದ್ರು. ನಾನು ನಿಂತು ನೋಡಿದ್ದೀನಿ. ಇದು ಎಲ್ಲಿಂದ ಬಂತು?"

"ಹಿಂದಿನ ದಿನ ಅವನ ಶೆಡ್ಡಿಂದ ಒಂದು ಮುಷ್ಟಿ ಬೀಜ ತಗೊಂಡಿದ್ದೆ."

"ಅವರು ಬರ್ತಾರೆ ಅಂತ ನಿನಗೆ ಹೇಗೆ ಗೊತ್ತಿತ್ತು?"

ಲಾಕಿ ಬೇಲಿ ಹಿಡಿದುಕೊಂಡ. ಹೇಳುವಾಗ ಅವಳ ಮುಖ ನೋಡಲಿಲ್ಲ. ಬೇಟೆಯ ಕಾಲವಲ್ಲದ ಕಾಲದಲ್ಲಿ ಜಿಂಕೆ ಹೊಡೆದು ಸಿಕ್ಕಿಬಿದ್ದಿದ್ದ. ಬಂದೂಕು, ಗಾಡಿ ಎರಡೂ ಹೋಗುವುದರಲ್ಲಿದ್ದವು. ಗಾಂಜಾ ಬೆಳೆಯುವ ಒಬ್ಬನ ಹೆಸರು ಕೊಟ್ಟರೆ ಬಿಡುತ್ತೇವೆ ಎಂದರು ಪೊಲೀಸರು.

"ದಂಡ ಹಾಕಿ ಬಿಡ್ತಾರೆ ಅಂದ್ಕೊಂಡಿದ್ದೆ, ಎಫಿ. ಜೈಲು ಅಂತ ಗೊತ್ತಿರ್ಲಿಲ್ಲ. ಗಿಡನಾದ್ರೂ ಉಳೀಲಿ ಅಂತ..."

"ಮೂವತ್ತು ವರ್ಷ ಅವನ ಮನೇಲಿ ಕ್ರಿಸ್‌ಮಸ್ ಊಟ ಮಾಡ್ದೆಯಲ್ಲೋ."

ಅವಳು ಎದ್ದು ಮನೆಗೆ ಬಂದಳು.

ನಾಲ್ಕು ದಿನ ಹೊರಗೆ ಬರಲಿಲ್ಲ. ಐದನೆಯ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಗಂಡುಮೊಗ್ಗು ಒಡೆದು ಎಲೆಗಳ ಮೇಲೆ ಹಳದಿ ಹುಡಿ ಉದುರಿತ್ತು. ಇನ್ನೆರಡು ಮಳೆ ಬಿದ್ದರೆ ಮುಗಿಯಿತು. ಗಂಡನ ಕೈಯಿಂದ ಲೋಕದಲ್ಲಿ ಉಳಿದದ್ದು ಇಷ್ಟು. ಅದರ ಇನ್ನರ್ಧ ಅವನನ್ನು ಹಿಡಿದುಕೊಟ್ಟವನ ಹಿತ್ತಿಲಲ್ಲಿ. ಬಹಳ ಹೊತ್ತು ಅತ್ತಳು. ಆಮೇಲೆ ಹುಡಿಯನ್ನು ಕಾಗದದ ಚೀಲಕ್ಕೆ ಕೊಡವಿಕೊಂಡು, ಗಾಳಿಗೆ ಇನ್ನಷ್ಟು ಹಾರದಿರಲೆಂದು ಎರಡೂ ಗಿಡ ಕಡಿದು ಹಾಕಿದಳು.

ಆಗಸ್ಟ್ ಮೊದಲ ವಾರ ಲಾಕಿಯ ಗಿಡ ಹೂವಿನ ಬಿಳಿ ಎಳೆ ಬಿಟ್ಟಾಗ ಹೋಗಿ, ಕೆಳಗಿನ ಒಂದು ಟೊಂಗೆಗೆ ಸಣ್ಣ ಕುಂಚದಿಂದ ಹುಡಿ ಸವರಿ ಗುರುತಿಗೆ ನೂಲು ಕಟ್ಟಿದಳು. ಲಾಕಿ ಬಾಗಿಲಲ್ಲಿ ನಿಂತಿದ್ದ. "ಚಹಾ ಕುಡೀತೀಯಾ?" ಎಂದ. ಅವಳು ಕುಂಚ ತೊಳೆದುಕೊಂಡು ಹೊರಟುಹೋದಳು.

ಸೆಪ್ಟೆಂಬರ್ ಮಧ್ಯದಲ್ಲಿ ಬಿರುಗಾಳಿ ಬಂದು ಗಿಡವನ್ನು ಸೀಳಿತು. ಟೊಂಗೆ ಮುರಿದು ಕೆಸರಲ್ಲಿ ಬಿತ್ತು. ಅದರಲ್ಲಿ ಬಲಿತಿದ್ದು ಹತ್ತೊಂಬತ್ತು ಬೀಜ. ಲಾಕಿ ಅವನ್ನು ಒಂದು ಬಟ್ಟಲಿಗೆ ಹಾಕಿ ಅವಳ ಮೆಟ್ಟಿಲ ಮೇಲಿಟ್ಟು ಹೋಗಿದ್ದ. ಬಾಗಿಲು ತಟ್ಟಿರಲಿಲ್ಲ.

ಕ್ರಿಸ್‌ಮಸ್ಸಿಗೆ ಅವಳು ಅವನನ್ನು ಕರೆಯಲಿಲ್ಲ. ಒಬ್ಬಳೇ ಉಂಡು ನೋಟ್‌ಬುಕ್ ತೆಗೆದಳು. ನಾಲ್ಕು ಗಿಡದಲ್ಲಿ ಆರಿಸುವುದಕ್ಕೇನಿದೆ? ಎಂಟಾದರೂ ಬೇಕು. ಎಂಟಾಗಬೇಕಾದರೆ ಎರಡು ಮನೆ ಬೇಕು. ಏಪ್ರಿಲ್‌ವರೆಗೆ ಬೇರೆ ದಾರಿ ಹುಡುಕಿದಳು, ಸಿಗಲಿಲ್ಲ. ಕೊನೆಗೆ ಫೋನು ಎತ್ತಿದಳು.

"ಕೊಟ್ಟಿಗೆ ಹಿಂದೆ ನಾಲ್ಕು ಗುಂಡಿ ತೋಡಿಡು."

"ಎಫಿ, ನಾನು ಅವತ್ತು..."

"ಗೊಬ್ಬರ ಹಳೇದಿರ್ಲಿ, ಹಸಿ ಹಾಕ್ಬೇಡ," ಎಂದು ಫೋನಿಟ್ಟಳು.