ದೇವರನ್ನು ಕಳಿಸಿಕೊಟ್ಟ ಸಾಹೇಬ

ಬುಟ್ಟಿ ತೆರೆಯುವುದೋ ಬೇಡವೋ? ನವಿಲುಗರಿಯ ಕಿರೀಟ ಹೊರಬರುವುದು ದೀಪಾವಳಿಯಲ್ಲಿ ಗೊಂಡರು ಕುಣಿಯುವ ದಂಡಾರಿಗೆ ಮಾತ್ರ. ಬಿತ್ತನೆಯ ಹೊತ್ತಿನಲ್ಲಿ ತಲೆಗೇರಿಸಿದರೆ ಏತ್ಮಸೂರ ದೇವರು ಸುಮ್ಮನಿರುತ್ತಾನೆಯೇ? ಏರಿಸದಿದ್ದರೆ ಎತ್ತು ಬರುವುದಿಲ್ಲ. ಎತ್ತಿಲ್ಲದೆ ಬಿತ್ತನೆಯಿಲ್ಲ. ದೇವರಿಗೆ ಇದೆಲ್ಲ ಗೊತ್ತಿರಬೇಕಲ್ಲ, ಎಂದುಕೊಂಡ ಜಲಪತ. ಗೊತ್ತಿದ್ದರೆ ಒಂದು ಮಾತು ಹೇಳಬಾರದೇ? ದೇವರು ಅಟ್ಟದ ಮೇಲಿನ ಬುಟ್ಟಿಯಲ್ಲಿ ಸುಮ್ಮನೆ ಕೂತಿದ್ದ.

ಹೊಲ ಕಾಡಿಗೆ ಸೇರಿದ್ದೆಂದು ರೇಂಜರ್ ಅವನ ಜೋಡೆತ್ತನ್ನು ಎಳೆದೊಯ್ದು ಬಂಗಲೆಯ ಬೇಲಿಗೆ ಕಟ್ಟಿಸಿದ್ದ. "ನಾಳೆ ದೊಡ್ಡ ಸಾಹೇಬರು ಬರ್ತಾರೆ. ಗರಿ ಇಕ್ಕೊಂಡು ಬಂದು ಕುಣೀರಲೇ, ಬಡ್ಡಿಮಕ್ಕಳಾ. ಎತ್ತು ಬಿಡ್ತೀನಿ" ಎಂದಿದ್ದ.

"ದೇವ್ರಿಗೂ ವರ್ಗ ಮಾಡ್ಸವ್ನೆ ಮುಂಡೇಮಗ" ಎಂದಳು ಹೆಂಡತಿ ರಾಜುಬಾಯಿ. "ಇಳ್ಸಯ್ಯಾ ಬುಟ್ಟೀನ. ತಪ್ಪುಗಾಣಿಕೆಗೆ ಕೋಳಿ ನಾನು ಕೊಯ್ತೀನಿ. ದೇವ್ರು ಬೈದ್ರೆ ನನ್ನ ಬೈಲಿ."

ತಲೆಗೆ ಕಿರೀಟ, ಮೈಗೆಲ್ಲ ಬೂದಿ, ಸೊಂಟಕ್ಕೆ ಗೆಜ್ಜೆ, ಹೆಗಲಿಗೆ ಆಡಿನ ಚರ್ಮ. ಮರುದಿನ ಬಂಗಲೆಯ ಮುಂದೆ ಊರಿನವರು ಡೋಲು ಬಡಿದರು, ಓಲಗ ಊದಿದರು. ಜಲಪತ ಕುಣಿದ. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಡೋಲು ನಿಂತೊಡನೆ ರೇಂಜರ್ ಮೂಗು ಮುಚ್ಚಿಕೊಂಡ.

"ಹೊರಡ್ರಲೇ. ಗಬ್ಬುನಾತ."

"ಎತ್ತು, ಸ್ವಾಮಿ?"

"ಎತ್ತಂತೆ ಎತ್ತು! ಜೈಲಿಗೆ ಹಾಕ್ಲಿಲ್ವಲ್ಲ, ಕಾಲಿಗೆ ಬೀಳು."

ಜಲಪತ ಬೀಳಲಿಲ್ಲ. ದೊಡ್ಡ ಸಾಹೇಬರ ಜೀಪಿನ ಮುಂದೆ ಹೋಗಿ ಕೂತುಬಿಟ್ಟ. ರೇಂಜರ್ ಬೆತ್ತ ಎತ್ತಿದ.

"ಏನಂತ್ರೀ ಇವನದು?" ದೊಡ್ಡ ಸಾಹೇಬರು ಕೇಳಿದರು.

"ನಾನಲ್ಲ, ದೇವ್ರು ಕೂತವ್ನೆ, ಸಾಹೇಬ್ರೇ" ಎಂದ ಜಲಪತ. "ಕರೆದೋರು ಕಳಿಸ್ಕೊಡ್ಬೇಕು. ಇಲ್ದಿದ್ರೆ ಅವರ ಮನೇಲೇ ಇದ್ಬಿಡ್ತಾನೆ."

"ಹೇಗೆ ಕಳಿಸೋದು?"

ಜಲಪತ ಗಡ್ಡ ಕೆರೆದುಕೊಂಡ. ಬೂದಿ ಉದುರಿತು.

"ಕರೆದೋರು ಮುಂದೆ ಕುಣೀತಾ ಗಡಿ ತನಕ ಬರ್ಬೇಕು."

"ಬರೀ ಕುಣಿದ್ರೆ ಸಾಕಾ?"

"ಎತ್ತಿನ ಹಗ್ಗ ಹಿಡ್ಕೊಂಡು ಕುಣೀಬೇಕು."

ರಾಜುಬಾಯಿ ಗಂಡನ ಮುಖ ನೋಡಿದಳು. ತಕ್ಷಣ ಸೆರಗನ್ನು ಬಾಯಿಗೆ ತುರುಕಿಕೊಂಡು ತಿರುಗಿ ನಿಂತಳು.

"ಪದ್ಧತಿ ಅಂದ್ಮೇಲೆ ಪದ್ಧತಿ ಕಣ್ರೀ" ಎಂದರು ದೊಡ್ಡ ಸಾಹೇಬರು ರೇಂಜರನಿಗೆ. "ನೀವೇ ತಾನೆ ಕರೆಸಿದ್ದು? ಕುಣೀರಿ."

ರೇಂಜರ್ ಕುಣಿದ. ಬೂಟುಗಾಲು ಕೆಸರಲ್ಲಿ ಹೂತು ಹೂತು ಬಂತು. ಎತ್ತುಗಳು ಒಂದು ಆ ಕಡೆ, ಇನ್ನೊಂದು ಈ ಕಡೆ ಎಳೆದವು. ಡೋಲಿನವರಿಗೆ ಎಂದೂ ಇಲ್ಲದ ಹುರುಪು.

"ಸೊಂಟ ಬಳುಕ್ಸಪ್ಪಾ!" ರಾಜುಬಾಯಿ ಹಿಂದಿನಿಂದ ಕೂಗಿದಳು. "ಬೆತ್ತ ನುಂಗ್ದೋನಂಗೆ ಆಡ್ಬೇಡ, ದೇವ್ರು ಮುನಿಸ್ಕೊಂಡಾನು!"

ಊರ ಗಡಿಯ ಹಳ್ಳದ ಬಳಿ ರೇಂಜರ್ ಏದುಸಿರು ಬಿಡುತ್ತ ಹಗ್ಗವನ್ನು ಜಲಪತನ ಕೈಗಿಟ್ಟ.

"ಸಾಕೇನೋ? ಹೋದ್ನೇನೋ ನಿನ್ನ ದೇವ್ರು?"

"ಹೋದ, ಸ್ವಾಮಿ. ಖುಷಿಯಾಗೇ ಹೋದ."

ರೇಂಜರ್ ಹಣೆಯ ಬೆವರೊರೆಸಿಕೊಂಡು, ಯಾರೂ ನೋಡುತ್ತಿಲ್ಲವೆಂದು ತಿಳಿದು, ಕಿರೀಟಕ್ಕೆ ಕೈಮುಗಿದ. ಮೂರನೆಯ ದಿನ ಅವನ ಆಳುಗಳು ಬಂದು, ಜಲಪತ ಬಿತ್ತಿದ್ದ ಹೊಲ ಕಾಡಿನದೆಂದು ಅದಕ್ಕೆ ಮುಳ್ಳುಬೇಲಿ ಹಾಕಿದರು. ಆದರೂ, ಕರೆದವರು ಕುಣಿದು ದೇವರನ್ನು ಕಳಿಸುವ ಪದ್ಧತಿ ಗೊಂಡರಲ್ಲಿ ಇಲ್ಲವೇ ಇಲ್ಲ ಎಂದು ಜಲಪತ ಅವನಿಗೆ ಎಂದೂ ಹೇಳಲಿಲ್ಲ.